ಮರಿ ಮನೆಯೊಳಗೇ ಉಚ್ಚೆ ಮಾಡುತ್ತಿದೆಯೇ, ಕ್ರೇಟಿನಲ್ಲಿ ಕೂಗುತ್ತಿದೆಯೇ? ದೋಷ ಹುಡುಕುವ ಕೈಪಿಡಿ

ನಾನು ಮೈಸೂರಿನಲ್ಲಿ ಇನ್ವರ್ಟರ್, ಯುಪಿಎಸ್ ರಿಪೇರಿ ಮಾಡುವವನು. ನಾಯಿ ಪಳಗಿಸುವುದು ನನ್ನ ಕಸುಬಲ್ಲ. ಕಳೆದ ಮಳೆಗಾಲದಲ್ಲಿ ಮಗಳು ಹಠ ಹಿಡಿದು ಬೀದಿಯ ಹೆಣ್ಣು ಮರಿಯೊಂದನ್ನು ಮನೆಗೆ ತಂದಳು. ಡಾಕ್ಟರು ಹಲ್ಲು ನೋಡಿ ಎಂಟು ವಾರ ಆಗಿರಬಹುದು ಎಂದರು. ಚುರ್ಮುರಿ ಎಂದು ಹೆಸರಿಟ್ಟೆವು. ಮೊದಲ ವಾರ ಅದು ದಿನಕ್ಕೆ ಎರಡು ಸಲ, ತಪ್ಪದೆ, ದೇವರ ಮನೆಯ ಹೊಸಿಲ ಮುಂದೆ ಉಚ್ಚೆ ಮಾಡಿತು. ಬೇರೆ ಕಡೆಯೂ ಮಾಡುತ್ತಿತ್ತು, ಆದರೆ ನಮ್ಮ ಮನೆಯಲ್ಲಿ ಅದು ಲೆಕ್ಕಕ್ಕಿರಲಿಲ್ಲ. "ಇಷ್ಟು ದೊಡ್ಡ ಮನೆ ಬಿಟ್ಟು ಇಲ್ಲೇ ಬೇಕೇನೋ ಇದಕ್ಕೆ?" ಎಂದು ಅಮ್ಮ ಬಕೆಟ್ ಹಿಡಿದು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸಲಹೆಗಳಿಗೇನು ಬರವೇ? ಪಕ್ಕದ ಮನೆ ಅಂಕಲ್ ಮೂತಿ ಹಿಡಿದು ಉಚ್ಚೆಗೆ ಉಜ್ಜಿ ಎಂದರು. ಭಾಮೈದ ಉಚ್ಚೆ ಹೀರುವ ಪ್ಯಾಡ್ ತಂದು ಹಾಸಿದ. ನಾನು ಕ್ರೇಟ್, ಅಂದರೆ ಮರಿಯನ್ನು ಮಲಗಿಸಿ ಬಾಗಿಲು ಹಾಕುವ ಕಂಬಿಯ ಗೂಡು, ತರಿಸಿದೆ. ಊಟವನ್ನೂ ಬದಲಾಯಿಸಿದೆವು. ನಾಲ್ಕೇ ದಿನದಲ್ಲಿ ಇಷ್ಟೂ ಮಾಡಿ ಮುಗಿಸಿದೆವು, ಹೊಸಿಲು ಮಾತ್ರ ಒಣಗಲಿಲ್ಲ. ಆಮೇಲೆ ನನಗೇ ನಾಚಿಕೆಯಾಯಿತು. ಗಿರಾಕಿ ಮನೆಯಲ್ಲಿ ಬ್ಯಾಕಪ್ ಬರುತ್ತಿಲ್ಲ ಎಂದ ತಕ್ಷಣ ಬ್ಯಾಟರಿ, ವೈರು, ಬೋರ್ಡು ಎಲ್ಲವನ್ನೂ ಒಟ್ಟಿಗೆ ಬದಲಾಯಿಸುತ್ತೇನೆಯೇ? ಮೊದಲು ಮೀಟರ್ ಇಟ್ಟು ಅಳೆಯುತ್ತೇನೆ. ಆಮೇಲೆ ಒಂದೊಂದೇ ಬದಲಾಯಿಸಿ ನೋಡುತ್ತೇನೆ. ಮರಿಯ ವಿಷಯಕ್ಕೆ ಬಂದಾಗ ಆ ಬುದ್ಧಿ ಎಲ್ಲಿ ಹೋಗಿತ್ತೋ.

ಮೊದಲು ಮೂರು ದಿನ ಬರೆದಿಡಿ

ಒಂದು ಹಳೇ ನೋಟ್‌ಬುಕ್ ಸಾಕು. ಮರಿ ಉಚ್ಚೆ ಅಥವಾ ಕಕ್ಕ ಮಾಡಿದಾಗಲೆಲ್ಲ ನಾಲ್ಕು ವಿಷಯ ಬರೆಯಿರಿ. ಎಷ್ಟು ಗಂಟೆಗೆ, ಎಲ್ಲಿ, ಎಷ್ಟು (ನಾಲ್ಕು ಹನಿಯೋ, ಅಂಗೈ ಅಗಲವೋ, ಕೆರೆಯೋ), ಅದಕ್ಕೆ ಹತ್ತು ನಿಮಿಷ ಮುಂಚೆ ಏನು ನಡೆಯುತ್ತಿತ್ತು. ಈ ನಾಲ್ಕನೆಯದೇ ಮುಖ್ಯ, ಎಲ್ಲರೂ ಬಿಡುವುದೂ ಅದನ್ನೇ. ಊಟ, ನೀರು, ನಿದ್ದೆಯಿಂದ ಎದ್ದ ಹೊತ್ತನ್ನೂ ಪಕ್ಕದಲ್ಲಿ ಗುರುತು ಹಾಕಿ. ಈ ಮೂರು ದಿನ ಹೊಸದೇನೂ ಮಾಡಬೇಡಿ. ಬಯ್ಯಲೂ ಬೇಡಿ.

ನಮ್ಮ ಪುಸ್ತಕದಲ್ಲಿ ಹೊಸಿಲಿನ ಹೊತ್ತು ಎದ್ದು ಕಾಣುತ್ತಿತ್ತು. ಬೆಳಿಗ್ಗೆ 6:45, ಸಂಜೆ 6:30, ಐದು ನಿಮಿಷ ಅತ್ತ ಇತ್ತ. ನಾಲ್ಕನೆಯ ಕಾಲಂನಲ್ಲಿ ಮಗಳ ಅಕ್ಷರದಲ್ಲಿ ಆರೂ ಸಲ ಒಂದೇ ಮಾತು: "ಮಲಗಿತ್ತು, ಅಜ್ಜಿ ಗಂಟೆ ಬಾರಿಸಿದರು." ಅಷ್ಟೇ ಕಥೆ. ನಡುಮನೆಯಲ್ಲಿ ದೇವರ ಮನೆಯ ಹತ್ತಿರದ ಮೂಲೆಯ ನೆಲ ತಣ್ಣಗಿರುತ್ತದೆ, ಮರಿ ಅಲ್ಲೇ ಮಲಗುತ್ತಿತ್ತು. ಮಂಗಳಾರತಿ ಗಂಟೆಗೆ ಬೆಚ್ಚಿ ಏಳುತ್ತಿತ್ತು. ನಿದ್ದೆಯಿಂದ ಎದ್ದ ಮರಿಗೆ ಒಂದೆರಡು ನಿಮಿಷದೊಳಗೆ ಉಚ್ಚೆ ಬಂದೇ ಬರುತ್ತದೆ. ಮಲಗಿದ ಜಾಗ ಬಿಟ್ಟು ನಾಲ್ಕು ಹೆಜ್ಜೆ ಹೋಗುತ್ತಿತ್ತು, ಅಲ್ಲಿ ಹೊಸಿಲು. ಪಾಪ, ಅದರ ಲೆಕ್ಕದಲ್ಲಿ ಅದು ಶುದ್ಧವಾಗಿಯೇ ಇತ್ತು.

ಪರಿಹಾರಕ್ಕೆ ದುಡ್ಡು ಖರ್ಚಾಗಲಿಲ್ಲ. ಅಮ್ಮ ದೀಪಕ್ಕೆ ಎಣ್ಣೆ ಹಾಕುವಾಗ ಒಂದು ಕೂಗು ಹಾಕುವುದು, ನಾವು ಯಾರಾದರೂ ಮರಿಯನ್ನು ಎತ್ತಿಕೊಂಡು ಕೆಳಗೆ ಹೋಗುವುದು. ಆಮೇಲೆ ಗಂಟೆ.

ನಿಮ್ಮ ಮನೆಯಲ್ಲಿ ಗಂಟೆಯ ಬದಲು ಕುಕ್ಕರ್ ಸೀಟಿ ಇರಬಹುದು, ಸ್ಕೂಲ್ ವ್ಯಾನಿನ ಹಾರ್ನ್ ಇರಬಹುದು. ಬರೆಯದೆ ಸಿಗುವುದಿಲ್ಲ.

ಬರೆದದ್ದನ್ನು ಯಾವುದಕ್ಕೆ ಹೋಲಿಸಿ ನೋಡಬೇಕು? ಎರಡು ತಿಂಗಳ ಮರಿ ಎಚ್ಚರವಾಗಿದ್ದು ಆಡುತ್ತಿದ್ದರೆ ಅರ್ಧ ಗಂಟೆಗೆ, ಮುಕ್ಕಾಲು ಗಂಟೆಗೆ ಒಂದು ಸಲ ಉಚ್ಚೆ ಮಾಡುವುದು ಸಹಜ. ನಿದ್ದೆಯಲ್ಲಿದ್ದರೆ ಎರಡು ಮೂರು ಗಂಟೆ ತಡೆಯುತ್ತದೆ. ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿದರೆ ಎಷ್ಟೋ ಅಷ್ಟು ಗಂಟೆ ಎಂದು ಒಂದು ಒರಟು ಲೆಕ್ಕವಿದೆ. ಅದು ಸುಮ್ಮನಿರುವ ಮರಿಗೆ ಮೇಲಿನ ಮಿತಿ, ಗ್ಯಾರಂಟಿ ಅಲ್ಲ. ಎದ್ದ ಮೇಲೆ, ಊಟವಾದ ಐದರಿಂದ ಮೂವತ್ತು ನಿಮಿಷದೊಳಗೆ, ಜೋರಾಗಿ ಆಡಿದ ಮೇಲೆ, ನೀರು ಕುಡಿದ ಮೇಲೆ: ಈ ನಾಲ್ಕು ಹೊತ್ತು ಹೊರಗೆ ಒಯ್ದರೆ ಮನೆಯೊಳಗಿನ ಉಚ್ಚೆಯ ಲೆಕ್ಕ ಅರ್ಧಕ್ಕರ್ಧ ಪುಸ್ತಕದಿಂದ ಮಾಯವಾಗುತ್ತದೆ. ತಡೆದುಕೊಳ್ಳುವ ಹಿಡಿತ ಪೂರ್ತಿ ಬರಲು ನಾಲ್ಕರಿಂದ ಆರು ತಿಂಗಳಾದರೂ ಬೇಕು. ಅದಕ್ಕೂ ಮುಂಚೆ ನಾವು ಕಲಿಸುವುದು ಜಾಗವನ್ನು. ತಡೆಯುವ ಶಕ್ತಿ ವಯಸ್ಸಿನ ಜೊತೆಗೇ ಬರುತ್ತದೆ.

ದೇಹದ ದೋಷ ಇದ್ದರೆ ಮಿಕ್ಕಿದ್ದೆಲ್ಲ ದಂಡ

ನಾಲ್ಕು ನಾಲ್ಕು ಹನಿಯಂತೆ ಗಂಟೆಗೆ ಐದಾರು ಸಲ ಕೂರುತ್ತಿದೆಯೇ? ಕೂತು ತಿಣುಕುತ್ತಿದೆಯೇ? ಉಚ್ಚೆಯಲ್ಲಿ ಕೆಂಪು ಇದೆಯೇ? ಉಚ್ಚೆ ಬರುವ ಜಾಗವನ್ನೇ ನೆಕ್ಕಿಕೊಳ್ಳುತ್ತಾ ಇರುತ್ತದೆಯೇ? ಮೂತ್ರದ ಸೋಂಕು ಇರಬಹುದು. ಹೆಣ್ಣು ಮರಿಗಳಲ್ಲಿ ಇದು ಜಾಸ್ತಿ. ಬೆಳಗಿನ ಮೊದಲ ಉಚ್ಚೆಯನ್ನು ತೊಳೆದು ಒಣಗಿಸಿದ ಡಬ್ಬಿಯಲ್ಲಿ ಹಿಡಿದು ಬೇಗ ಡಾಕ್ಟರ ಬಳಿ ಒಯ್ದರೆ ಪರೀಕ್ಷೆ ಸುಲಭ. ಹಿಡಿಯಲು ಹಳೇ ಸೌಟು ಒಳ್ಳೆಯದು. ಹಿಂದಿನಿಂದ ಮೆಲ್ಲಗೆ ತೂರಿಸಬೇಕು. ಮೊದಲ ಸಲ ಮರಿ ತಿರುಗಿ ಸೌಟನ್ನೇ ಮೂಸಿ ನೋಡುತ್ತದೆ, ಎರಡನೇ ಸಲ ಸಿಗುತ್ತದೆ.

ಎದ್ದಾಗ ಮಲಗಿದ್ದ ಜಾಗ ಯಾವಾಗಲೂ ಒದ್ದೆಯಾಗಿದ್ದು, ನಡೆಯುವಾಗಲೂ ಹನಿ ಉದುರುತ್ತಿದ್ದರೆ ಅದು ಬೇರೆ. ಕೆಲವು ಮರಿಗಳಿಗೆ ಹುಟ್ಟಿನಿಂದಲೇ ಮೂತ್ರನಾಳ ಮೂತ್ರಕೋಶಕ್ಕೆ ಸೇರದೆ ಬೇರೆ ಕಡೆ ಸೇರಿರುತ್ತದೆ. ಇಂಥ ಮರಿಗೆ ಯಾವ ತರಬೇತಿಯೂ ನಾಟುವುದಿಲ್ಲ, ಸ್ಕ್ಯಾನಿಂಗ್ ಬೇಕು. ನೀರು ವಿಪರೀತ ಕುಡಿಯುತ್ತಿದೆ ಎನಿಸಿದರೆ ಅಳೆಯಿರಿ. ಬೆಳಿಗ್ಗೆ ಒಂದು ಲೀಟರ್ ಬಾಟಲಿ ತುಂಬಿಡಿ, ದಿನವಿಡೀ ಅದರಿಂದಲೇ ಬಟ್ಟಲಿಗೆ ಹಾಕಿ. ಮರುದಿನ ಬಾಟಲಿಯಲ್ಲಿ, ಬಟ್ಟಲಲ್ಲಿ ಉಳಿದದ್ದನ್ನು ಕಳೆಯಿರಿ. ದಿನವೂ ತೂಕದ ಕೆಜಿಗೆ 100 ಮಿಲಿ ದಾಟುತ್ತಿದ್ದರೆ ಡಾಕ್ಟರಿಗೆ ಹೇಳಿ.

ಕಕ್ಕ ನೀರಾಗಿದ್ದರೆ ಮೊದಲು ಹಾಲು ನಿಲ್ಲಿಸಿ. ಮರಿ ಎಂದರೆ ಹಾಲು ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಹಸುವಿನ ಹಾಲಿನ ಸಕ್ಕರೆ ಎಷ್ಟೋ ಮರಿಗಳಿಗೆ ಜೀರ್ಣವಾಗುವುದಿಲ್ಲ. ಜಂತುಹುಳದ ಔಷಧಿ ಕೊಟ್ಟಿದ್ದೀರಾ ನೋಡಿ. ಸಾಮಾನ್ಯವಾಗಿ ಮೂರು ತಿಂಗಳಾಗುವವರೆಗೆ ಎರಡು ವಾರಕ್ಕೊಮ್ಮೆ ಕೊಡಿಸುತ್ತಾರೆ. ವಾಂತಿ, ರಕ್ತದ ಭೇದಿ, ಸಪ್ಪೆ ಮುಖ ಮೂರೂ ಸೇರಿದರೆ ಪಾರ್ವೋ ಎಂಬ ವೈರಸ್ ಕಾಯಿಲೆ ಇರಬಹುದು. ಆಗ ಪುಸ್ತಕ ಪಕ್ಕಕ್ಕಿಡಿ, ಆಟೋ ಹಿಡಿಯಿರಿ. ನಾಳೆ ನೋಡೋಣ ಎನ್ನುವ ಕಾಯಿಲೆ ಅಲ್ಲ ಅದು.

ಪಾರ್ವೋ ಭಯದಿಂದಲೇ ಇನ್ನೊಂದು ತೊಡಕು ಹುಟ್ಟುತ್ತದೆ. ಲಸಿಕೆಗಳು ನಾಲ್ಕು ತಿಂಗಳವರೆಗೂ ನಡೆಯುತ್ತವೆ, ಅಲ್ಲಿಯವರೆಗೆ ಬೀದಿಗೆ ಇಳಿಸಬೇಡಿ ಎನ್ನುತ್ತಾರೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಹಾಗಾಗಿ ಮಾತು ಸರಿಯೇ. ಆದರೆ ನಾಲ್ಕು ತಿಂಗಳು ಟೈಲ್ಸ್ ಮೇಲೆ ಬೆಳೆದ ಮರಿಗೆ ಆಮೇಲೆ ಮಣ್ಣು ಕಂಡರೆ ಉಚ್ಚೆಯೇ ಬರುವುದಿಲ್ಲ. ಕಾಲಡಿಯ ನೆಲ ಇಂಥದ್ದೇ ಇರಬೇಕು ಎನ್ನುವುದು ಎಂಟೊಂಬತ್ತು ವಾರಕ್ಕೇ ಮನಸ್ಸಿನಲ್ಲಿ ಕೂರಲು ಶುರುವಾಗುತ್ತದೆ. ಬೇರೆ ನಾಯಿ ಬಾರದ ಕಾಂಪೌಂಡ್ ಇದ್ದರೆ ಅಲ್ಲಿಗೆ ಎತ್ತಿಕೊಂಡು ಹೋಗಿ. ನಮಗೆ ಕೆಳಗಿನ ಮನೆಯ ಓನರ್ ಹಿತ್ತಲು ಸಿಕ್ಕಿತು. ಅದೂ ಇಲ್ಲದಿದ್ದರೆ ಅಗಲವಾದ ಟ್ರೇಯಲ್ಲಿ ಶುದ್ಧವಾದ ಮಣ್ಣೋ ಹುಲ್ಲಿನ ಹಾಸೋ ಹಾಕಿ ಬಾಲ್ಕನಿಯಲ್ಲಿಡಿ.

ಹೊರಗೆ ಅರ್ಧ ಗಂಟೆ ಸುತ್ತುತ್ತದೆ, ಒಳಗೆ ಬಂದ ತಕ್ಷಣ ಮಾಡುತ್ತದೆ

ಎಲ್ಲರಿಗೂ ಸಿಟ್ಟು ಬರುವುದು ಇಲ್ಲೇ. ಬೇಕಂತಲೇ ಮಾಡುತ್ತದೆ ಎನ್ನುತ್ತಾರೆ. ಬೇಕಂತಲ್ಲ. ಇದರಲ್ಲಿ ಸಾಮಾನ್ಯವಾಗಿ ಎರಡು ದೋಷ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ.

ಒಂದು, ಹೊರಗೆ ನೋಡುವುದು ಜಾಸ್ತಿ. ಅಳಿಲು, ಬೈಕು, ಸೊಪ್ಪಿನವನ ಕೂಗು. ಮರಿಗೆ ಉಚ್ಚೆ ನೆನಪಾಗುವುದೇ ಮನೆಯ ಶಾಂತಿಯಲ್ಲಿ. ಇದಕ್ಕೆ ನೀವು ಕಂಬದ ಹಾಗೆ ಒಂದೇ ಜಾಗದಲ್ಲಿ ನಿಲ್ಲಬೇಕು. ಹಗ್ಗ ಗಿಡ್ಡ ಇರಲಿ. ಮಾತಿಲ್ಲ, ಆಟವಿಲ್ಲ, ಮೊಬೈಲೂ ಇಲ್ಲ. ಐದು ನಿಮಿಷ ನೋಡಿ. ಮಾಡಲಿಲ್ಲವೇ, ಒಳಗೆ ಬನ್ನಿ. ಆದರೆ ನೆಲಕ್ಕೆ ಬಿಡಬೇಡಿ. ತೊಡೆಯ ಮೇಲೋ ಕ್ರೇಟಿನಲ್ಲೋ ಹತ್ತು ನಿಮಿಷ ಇಟ್ಟುಕೊಂಡು ಮತ್ತೆ ಹೊರಗೆ ಹೋಗಿ. ಮೊದಲ ದಿನ ನಾನು ಆರು ಸಲ ಮೆಟ್ಟಿಲು ಹತ್ತಿಳಿದೆ. ಮೂರನೆಯ ದಿನ ಎರಡನೇ ಸಲಕ್ಕೇ ಮುಗಿಯಿತು.

ಎರಡನೆಯದು ನಮ್ಮ ತಪ್ಪು. ಮರಿ ಉಚ್ಚೆ ಮಾಡಿದ ಮರುಕ್ಷಣ "ಆಯ್ತಲ್ಲ, ನಡಿ" ಎಂದು ಒಳಗೆ ಎಳೆದುಕೊಂಡು ಬರುತ್ತೇವೆ. ಉಚ್ಚೆ ಮಾಡಿದರೆ ಮಜಾ ಮುಗಿಯುತ್ತದೆ ಎಂದು ಅದು ಕಲಿತುಬಿಡುತ್ತದೆ. ಆಮೇಲೆ ಆದಷ್ಟು ತಡೆಯುತ್ತದೆ. ಲೆಕ್ಕ ತಿರುಗಿಸಿ. ಮಾಡಿದ ಮೇಲೇ ಸುತ್ತಾಟ, ಮೂಸುವುದು, ಆಟ. ಮಾಡಿ ಮುಗಿಸಿದ ಎರಡು ಸೆಕೆಂಡಿನೊಳಗೆ, ಅಲ್ಲೇ ನಿಂತು, ಒಂದು ಚೂರು ಬೇಯಿಸಿದ ಕೋಳಿಯೋ ಮೊಟ್ಟೆಯೋ ಬಾಯಿಗಿಡಿ. ಮನೆಗೆ ಬಂದು ಕೊಟ್ಟರೆ ಮನೆಗೆ ಬಂದದ್ದಕ್ಕೆ ಕೊಟ್ಟ ಹಾಗಾಗುತ್ತದೆ. ಮಾಡುತ್ತಿರುವಾಗ ಒಂದೇ ಪದ ಹೇಳುತ್ತಾ ಬನ್ನಿ. ನಮ್ಮಲ್ಲಿ "ಸುಸು". ಒಂದು ತಿಂಗಳಾದ ಮೇಲೆ ಆ ಪದ ಕೇಳಿದರೇ ಜಾಗ ಹುಡುಕತೊಡಗಿತು.

ಅಪಾರ್ಟ್‌ಮೆಂಟಿನಲ್ಲಿ ಇರುವವರ ಪುಸ್ತಕದಲ್ಲಿ "ಲಿಫ್ಟ್ ಮುಂದೆ" ಎಂಬ ಜಾಗ ಬಂದೇ ಬರುತ್ತದೆ. ನಡೆಸಬೇಡಿ, ಎತ್ತಿಕೊಳ್ಳಿ. ಎತ್ತಿಕೊಂಡ ಮರಿ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಲಿಫ್ಟಿನಲ್ಲಿ ನಾಯಿ ತರಬಾರದು ಎಂದು ಸಂಘದವರು ತಕರಾರು ತೆಗೆದರೆ, ಹಾಗೆ ತಡೆಯುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯಲ್ಲಿದೆ. ಅದನ್ನು ಜಗಳಕ್ಕೆ ಬಳಸುವುದಕ್ಕಿಂತ, ಕೈಯಲ್ಲಿ ಒಂದು ಒರೆಸುವ ಬಟ್ಟೆ ಹಿಡಿದು ಹೋಗುವುದು ಹೆಚ್ಚು ಕೆಲಸ ಮಾಡುತ್ತದೆ.

ಒಂದೇ ಜಾಗದಲ್ಲಿ, ಮತ್ತೆ ಮತ್ತೆ

ಹೊತ್ತು ಬೇರೆ ಬೇರೆ, ಜಾಗ ಮಾತ್ರ ಒಂದೇ ಎಂದಾದರೆ ದೋಷ ವಾಸನೆಯಲ್ಲಿದೆ. ನಮ್ಮ ಹೊಸಿಲ ಪ್ರಸಂಗದಲ್ಲಿ ಗಂಟೆಯ ಕಾಟ ನಿಂತ ಮೇಲೂ ಎರಡು ಸಲ ಅಲ್ಲೇ ಮಾಡಿತು. ಅಮ್ಮ ಪ್ರತಿ ಸಲ ಫಿನಾಯಿಲ್ ಹಾಕಿ ಒರೆಸಿದ್ದರು. ಫಿನಾಯಿಲ್ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ನಾಯಿ ಮೂಗಿಗೆ ಮುಚ್ಚುವುದಿಲ್ಲ. ಟೈಲ್ಸ್ ಸಂದಿಯ ಸಿಮೆಂಟು ಉಚ್ಚೆಯನ್ನು ಹೀರಿಕೊಂಡಿರುತ್ತದೆ. ಅದೂ ಅಲ್ಲದೆ ಮರಿ ನೆಲ ನೆಕ್ಕುತ್ತದೆ, ಫಿನಾಯಿಲ್ ಹೊಟ್ಟೆಗೆ ಹೋದರೆ ವಿಷ. ಬ್ಲೀಚಿಂಗ್ ಪುಡಿಯಂತೂ ಉಚ್ಚೆಯ ಮೇಲೆ ಹಾಕಲೇಬೇಡಿ. ಉಚ್ಚೆಯಲ್ಲಿರುವ ಅಮೋನಿಯಾ ಜೊತೆ ಸೇರಿ ಕೆಟ್ಟ ಗ್ಯಾಸ್ ಬರುತ್ತದೆ.

ಮೊದಲು ಒಣ ಬಟ್ಟೆ ಒತ್ತಿ ಹೀರಿಸಿ, ಉಜ್ಜಬೇಡಿ. ಬರೀ ನೀರಿನಲ್ಲಿ ಎರಡು ಸಲ ಒರೆಸಿ. ಆಮೇಲೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ, ವಾಸನೆಯ ಮೂಲವನ್ನೇ ಒಡೆಯುವ ಎನ್‌ಜೈಮ್ ದ್ರಾವಣ ಸುರಿದು ಹದಿನೈದು ನಿಮಿಷ ಹಾಗೇ ಬಿಡಿ. ಹಾಕಿದ ಕೂಡಲೇ ಒರೆಸಿದರೆ ದುಡ್ಡು ದಂಡ. ಹಿಂದೆ ಫಿನಾಯಿಲ್ ಹಾಕಿದ್ದರೆ ಅದನ್ನು ಚೆನ್ನಾಗಿ ತೊಳೆದ ಮೇಲೇ ಇದು. ವಿನೆಗರ್ ಅರ್ಧ, ನೀರು ಅರ್ಧ ಹಾಕುವವರೂ ಇದ್ದಾರೆ. ಟೈಲ್ಸಿಗೆ ಪರವಾಗಿಲ್ಲ. ಮಾರ್ಬಲ್, ಕಡಪ ಕಲ್ಲಿಗೆ ಹಾಕಿದರೆ ಹೊಳಪು ಹೋಗುತ್ತದೆ.

ಜಾಗ ಗೊತ್ತಾಗದಿದ್ದರೆ ಒಂದು ಉಪಾಯ. ಖೋಟಾ ನೋಟು ನೋಡುವ ಯುವಿ ಟಾರ್ಚ್ ಸಿಗುತ್ತದಲ್ಲ, ರಾತ್ರಿ ಲೈಟ್ ಆರಿಸಿ ಅದನ್ನು ನೆಲದ ಹತ್ತಿರ ಹಿಡಿದು ನೋಡಿ. ಒಣಗಿದ ಉಚ್ಚೆಯ ಕಲೆ ಮಂಕು ಹಳದಿಯಾಗಿ ಹೊಳೆಯುತ್ತದೆ. ನಾವು ನೋಡಿದ ರಾತ್ರಿ ಸೋಫಾದ ಒಂದು ಕಾಲು, ಪರದೆಯ ಅಂಚು, ನನ್ನ ಟೂಲ್ ಬ್ಯಾಗ್ ಹೊಳೆದವು. ಟೂಲ್ ಬ್ಯಾಗಿನ ವಿಷಯ ಅಮ್ಮನಿಗೆ ಹೇಳಲಿಲ್ಲ.

ಪ್ಯಾಡ್, ಪೇಪರ್ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಲ್ಲ. ಬೇರೆ ದಾರಿ ಇಲ್ಲದವರಿಗೆ ಸರಿ. ಆದರೆ ಪೇಪರ್ ಮೇಲೆ ಕಲಿತ ಮರಿಗೆ ಅಪ್ಪ ಓದಲು ನೆಲಕ್ಕೆ ಹರಡಿದ ಪೇಪರೂ ಒಂದೇ, ಮೆತ್ತಗಿನ ಪ್ಯಾಡ್ ಮೇಲೆ ಕಲಿತದ್ದಕ್ಕೆ ಬಾಗಿಲ ಕಾಲೊರಸೂ ಒಂದೇ. ಈಗಾಗಲೇ ಶುರುಮಾಡಿದ್ದರೆ ಒದ್ದೆಯಾದ ಒಂದು ಪೇಪರನ್ನು ಹಿತ್ತಲ ಮಣ್ಣಿನ ಮೇಲೆ ಕಲ್ಲಿಟ್ಟು ಹಾಸಿ. ದಿನಾ ಪೇಪರ್ ಚಿಕ್ಕದು ಮಾಡುತ್ತಾ ಬನ್ನಿ.

ಉಚ್ಚೆ ಸೋಫಾ ಹಿಂದೆ, ಮಂಚದ ಕೆಳಗೆ ಸಿಗುತ್ತದೆ

ಇದಕ್ಕೆ ಮೀಟರೂ ಬೇಡ. ಯಾರೋ ಬಯ್ದಿದ್ದಾರೆ, ಹೊಡೆದಿದ್ದಾರೆ ಅಥವಾ ಮೂತಿ ಉಜ್ಜಿದ್ದಾರೆ. ಮರಿ ಕಲಿತದ್ದು ಮನೆಯೊಳಗೆ ಮಾಡಬಾರದು ಎಂದಲ್ಲ, ಜನರ ಕಣ್ಣೆದುರು ಮಾಡಬಾರದು ಎಂದು. ಹಾಗಾಗಿ ಹೊರಗೆ ನೀವು ಪಕ್ಕದಲ್ಲಿದ್ದರೂ ಮಾಡುವುದಿಲ್ಲ. ಒಂದು ದೋಷ ಸರಿಮಾಡಲು ಹೋಗಿ ಎರಡು ಮಾಡಿಕೊಂಡ ಹಾಗೆ. ಕಣ್ಣೆದುರೇ ಕೂತರೆ "ಏಯ್" ಎಂದು ಮೆಲ್ಲಗೆ ಗಮನ ಸೆಳೆದು ಎತ್ತಿಕೊಂಡು ಹೊರಗೆ ಓಡಿ. ಆಗಿಹೋದದ್ದನ್ನು ನೋಡಿದರೆ ಬಟ್ಟೆ ತನ್ನಿ, ಅಷ್ಟೇ. ಸೋಫಾ ಹಿಂದಿನ ಸಂದಿ ಮುಚ್ಚಿ. ಕಣ್ಣಿಡಲು ಆಗದ ಹೊತ್ತಿನಲ್ಲಿ ಮರಿಯ ಹಗ್ಗವನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ. ಈ ಭಯ ಹೋಗಲು ವಾರಗಳು ಬೇಕು.

ಇದಕ್ಕೇ ಹತ್ತಿರದ ಇನ್ನೊಂದು: ನೆಂಟರು ಬಂದಾಗ, ನೀವು ಕೆಲಸದಿಂದ ಬಂದಾಗ, ಮೇಲಿನಿಂದ ಬಗ್ಗಿದಾಗ ಕಿವಿ ಹಿಂದಕ್ಕೆ ಮಾಡಿ, ಮೈ ಮುದುಡಿ ನಾಲ್ಕು ಹನಿ ಬಿಡುವುದು. ಇದು ಶೌಚದ ದೋಷವೇ ಅಲ್ಲ. ಖುಷಿ ಅಥವಾ ಅಳುಕು. ಬಂದವರು ಐದು ನಿಮಿಷ ಮರಿಯನ್ನು ನೋಡದೆ ಇರಲಿ, ಆಮೇಲೆ ಪಕ್ಕಕ್ಕೆ ತಿರುಗಿ ಕೂತು ಕೈ ಕೆಳಗಿನಿಂದ ಚಾಚಲಿ. ಹೆಚ್ಚಿನ ಮರಿಗಳು ವರ್ಷ ತುಂಬುವ ಹೊತ್ತಿಗೆ ಬಿಡುತ್ತವೆ. ಬಯ್ದರೆ ಹನಿ ಹೆಚ್ಚಾಗುತ್ತದೆ.

ಕ್ರೇಟಿನೊಳಗೇ ಮಾಡಿಕೊಳ್ಳುತ್ತದೆ

ಅಮ್ಮ ಕ್ರೇಟನ್ನು ಇವತ್ತಿಗೂ "ಇಲಿ ಬೋನು" ಎನ್ನುತ್ತಾರೆ. ಮೂರು ವಾರ ದಾಟಿದ ಮರಿ ಮಲಗುವ ಜಾಗ ಬಿಟ್ಟು ಆಚೆ ಹೋಗಿ ಉಚ್ಚೆ ಮಾಡಲು ತಾನೇ ಕಲಿಯುತ್ತದೆ. ಕ್ರೇಟ್ ಕೆಲಸ ಮಾಡುವುದು ಈ ಒಂದು ಗುಣದ ಮೇಲೆ. ಹಾಗಾಗಿ ಮೊದಲು ಅಳತೆ ನೋಡಿ. ಮರಿ ತಲೆ ತಗ್ಗಿಸದೆ ನಿಲ್ಲಬೇಕು, ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅದಕ್ಕಿಂತ ದೊಡ್ಡದಾದರೆ ಒಂದು ಮೂಲೆ ಬೆಡ್‌ರೂಮು, ಇನ್ನೊಂದು ಮೂಲೆ ಬಚ್ಚಲು. ನಾವು ಬೆಳೆದ ನಾಯಿಯ ಲೆಕ್ಕದಲ್ಲಿ 36 ಇಂಚಿನದು ತರಿಸಿದ್ದೆವು, ಎರಡೇ ದಿನದಲ್ಲಿ ಹಿಂದಿನ ಮೂಲೆ ಒದ್ದೆ. ಜೊತೆಗೆ ಬಂದ ನಡುಗೋಡೆ ತಟ್ಟೆಯನ್ನು ಹಾಕಿ ಅರ್ಧ ಮಾಡಿದೆವು, ಮರಿ ಬೆಳೆದ ಹಾಗೆ ಹಿಂದಕ್ಕೆ ಸರಿಸಿದೆವು. ಮುಧೋಳದ ಮರಿಯಾದರೆ ಕಾಲು ಬೇಗ ಉದ್ದವಾಗುತ್ತದೆ, ಆಗಾಗ ಅಳೆಯಿರಿ.

ಅಳತೆ ಸರಿಯಿದ್ದರೆ ಹೊತ್ತು ನೋಡಿ. ಹಗಲಲ್ಲಿ ನಾಲ್ಕು ತಿಂಗಳೊಳಗಿನ ಮರಿಯನ್ನು ಎರಡು ಮೂರು ಗಂಟೆಗಿಂತ ಹೆಚ್ಚು ಮುಚ್ಚಿಟ್ಟರೆ ಅದಕ್ಕೆ ಬೇರೆ ದಾರಿಯೇ ಇಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಆರಕ್ಕೆ ಬರುವ ಮನೆಗೆ ಕ್ರೇಟ್ ಉತ್ತರವಲ್ಲ. ಮಧ್ಯೆ ಬಂದು ಬಿಡುವವರು ಬೇಕು, ಅಥವಾ ಅಡ್ಡಗಟ್ಟಿದ ದೊಡ್ಡ ಜಾಗ ಬೇಕು. ಆಮೇಲೆ ಹಾಸಿಗೆ. ದಪ್ಪ ಕಂಬಳಿ ಉಚ್ಚೆಯನ್ನು ಹೀರಿಕೊಂಡು ಮೇಲೆ ಒಣಗಿದಂತಿರುತ್ತದೆ, ಮರಿಗೆ ತೊಂದರೆಯೇ ಆಗುವುದಿಲ್ಲ. ಒಂದು ವಾರ ತೆಳು ಬಟ್ಟೆ ಹಾಕಿ ನೋಡಿ.

ಇವೆಲ್ಲ ಸರಿಯಿದ್ದೂ ಮಾಡಿಕೊಂಡು ಅದರಲ್ಲೇ ಮಲಗುತ್ತಿದ್ದರೆ ಮರಿ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಹುಟ್ಟಿದಾಗಿನಿಂದ ಇಕ್ಕಟ್ಟಿನ ಕೇಜಿನಲ್ಲಿ, ಗಲೀಜಿನ ಮೇಲೇ ಬೆಳೆದ ಮರಿಗೆ ಆ ಸಹಜ ಗುಣ ಮೊಂಡಾಗಿರುತ್ತದೆ. ಎಂಟು ವಾರ ತುಂಬದ ಮರಿಯನ್ನು ಅಂಗಡಿಯಲ್ಲಿ ಮಾರಬಾರದು ಎಂದು 2018ರ ಪೆಟ್ ಶಾಪ್ ನಿಯಮ ಇದೆ. ಆದರೂ ನಾಲ್ಕೈದು ವಾರಕ್ಕೇ ತಾಯಿಯಿಂದ ಬಿಡಿಸಿ ಮಾರುವವರು ಇದ್ದಾರೆ. ಇಂಥ ಮರಿಗೆ ಕೆಲವು ವಾರ ಕ್ರೇಟ್ ಮುಚ್ಚಬೇಡಿ. ಅಡ್ಡಗಟ್ಟಿದ ಜಾಗದಲ್ಲಿ ಒಂದು ಕಡೆ ಹಾಸಿಗೆ, ದೂರದಲ್ಲಿ ಮಣ್ಣಿನ ಟ್ರೇ ಇಟ್ಟು, ಅಲ್ಲಿಂದ ಹೊಸದಾಗಿ ಕಲಿಸಿ.

ಕ್ರೇಟಿನಲ್ಲಿ ಕೂಗುತ್ತದೆ

ಇನ್ವರ್ಟರ್ ಬೀಪ್ ಹೊಡೆದರೆ ಗಿರಾಕಿಗೆ ಎಲ್ಲ ಒಂದೇ ಶಬ್ದ. ನಮಗೆ ಓವರ್‌ಲೋಡ್ ಬೇರೆ, ಬ್ಯಾಟರಿ ಇಳಿದದ್ದು ಬೇರೆ. ಮರಿಯ ಕೂಗೂ ಹಾಗೇ, ಯಾವಾಗ ಶುರುವಾಯಿತು, ಹೇಗೆ ಏರಿತು ಎಂದು ಕೇಳಿಸಿಕೊಳ್ಳಬೇಕು.

ರಾತ್ರಿ ಎರಡು ಮೂರು ಗಂಟೆ ಸುಮ್ಮನೆ ಮಲಗಿದ್ದು, ಆಮೇಲೆ ಎದ್ದು ಕುಂಯ್ ಕುಂಯ್ ಎಂದರೆ ಉಚ್ಚೆ. ಎದ್ದು ಹೋಗಲೇಬೇಕು. ಲೈಟ್ ಹಾಕದೆ, ಮುದ್ದಿಸದೆ, ಕೆಳಗೆ ಒಯ್ದು, ಮಾಡಿಸಿ, ವಾಪಸ್ ತಂದು ಬಿಡಿ. ಮಧ್ಯರಾತ್ರಿಯ ಆ ಹತ್ತು ನಿಮಿಷ ಎಷ್ಟು ಬೋರ್ ಆಗಿರುತ್ತದೋ ಅಷ್ಟು ಒಳ್ಳೆಯದು. ನನ್ನ ಹೆಂಡತಿ ಮೊದಲ ಎರಡು ರಾತ್ರಿ ಅದಕ್ಕೆ ಬಿಸ್ಕತ್ ಕೊಟ್ಟಳು. ಮೂರನೆಯ ರಾತ್ರಿಯಿಂದ ಮರಿ ಬಿಸ್ಕತ್ತಿಗೇ ಎದ್ದಿತು. "ರೀ, ನಿಮ್ಮ ಸರದಿ" ಎಂದು ನನ್ನನ್ನು ಎಬ್ಬಿಸಿದಳು. ಮಲಗುವುದಕ್ಕೆ ಒಂದು ಗಂಟೆ ಮುಂಚೆ ನೀರಿನ ಬಟ್ಟಲು ಎತ್ತಿಡಬಹುದು, ಆದರೆ ಏಪ್ರಿಲ್ ಸೆಕೆಯಲ್ಲಿ ಬೇಡ.

ಬಾಗಿಲು ಹಾಕಿದ ಕೂಡಲೇ ಗೊಣಗಿ, ಐದು ಹತ್ತು ನಿಮಿಷದಲ್ಲಿ ತಾನೇ ತಣ್ಣಗಾಗಿ ಮಲಗಿದರೆ ಅದು ಬರೀ ತಕರಾರು. ಉಚ್ಚೆ ಆಗಿದೆ, ಹೊಟ್ಟೆ ತುಂಬಿದೆ ಎಂದು ಖಾತ್ರಿ ಇದ್ದರೆ ಸುಮ್ನಿರಿ.

ಮೂರನೆಯ ಬಗೆ ಕಿವಿಗೇ ಬೇರೆ ಕೇಳುತ್ತದೆ. ಕೂಗು ಇಳಿಯುವುದಿಲ್ಲ, ಏರುತ್ತಲೇ ಹೋಗುತ್ತದೆ. ಜೊಲ್ಲು ಸುರಿದು ಎದೆ ಒದ್ದೆ, ಕಂಬಿ ಕಚ್ಚಿ ವಸಡಿನಲ್ಲಿ ರಕ್ತ, ಎದುರಿಗಿಟ್ಟ ಕೋಳಿಯನ್ನೂ ಮುಟ್ಟುವುದಿಲ್ಲ. ಇದು ಹಠವಲ್ಲ, ಗಾಬರಿ. ಅಳಲಿ ಬಿಡಿ, ಅಭ್ಯಾಸ ಆಗುತ್ತದೆ ಎಂಬ ಮಾತು ಇಲ್ಲಿ ಕೇಳಬೇಡಿ. ಬಾಗಿಲು ತೆಗೆಯಿರಿ. ಮನೆಯಲ್ಲಿ ಜನ ಇದ್ದಾಗ ಕ್ರೇಟಿನಲ್ಲಿ ಸರಿಯಿದ್ದು, ಒಂಟಿ ಬಿಟ್ಟಾಗ ಮಾತ್ರ ಹೀಗಾದರೆ ದೋಷ ಕ್ರೇಟಿನದಲ್ಲ, ಒಂಟಿತನದ್ದು. ಡಾಕ್ಟರ ಹತ್ತಿರ ಮಾತಾಡಿ.

ಹೆಚ್ಚಿನವರ ಮನೆಯಲ್ಲಿ ಗಾಬರಿ ಹುಟ್ಟುವುದು ಅವಸರದಿಂದ. ಸಂಜೆ ಕ್ರೇಟ್ ಬಂತು, ರಾತ್ರಿ ಮರಿಯನ್ನು ಒಳಗೆ ತಳ್ಳಿ ಬೀಗ. ನಾವೂ ಅದನ್ನೇ ಮಾಡಿದ್ದೆವು. ಆಮೇಲೆ ಬಾಗಿಲನ್ನು ದಾರದಿಂದ ತೆರೆದು ಕಟ್ಟಿ, ಮೂರು ದಿನ ಊಟದ ಬಟ್ಟಲು ಮಾತ್ರ ಒಳಗಿಟ್ಟೆವು. ಮೊದಲು ಬಾಗಿಲ ಹತ್ತಿರ, ಆಮೇಲೆ ಒಳಕ್ಕೆ. ತಿನ್ನುವಾಗ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಬಟ್ಟಲು ಖಾಲಿಯಾಗುವ ಮುಂಚೆ ತೆಗೆದೆವು. ಹತ್ತು ಸೆಕೆಂಡು, ಒಂದು ನಿಮಿಷ, ಐದು ನಿಮಿಷ. ರಬ್ಬರ್ ಆಟಿಕೆಯೊಳಗೆ ಮೊಸರು ಹಾಕಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಇಪ್ಪತ್ತು ನಿಮಿಷ ಸದ್ದಿಲ್ಲ. ಕೂಗು ಶುರುವಾದರೆ ನೀವು ಒಂದು ಮೆಟ್ಟಿಲು ಜಾಸ್ತಿ ಹಾರಿದ್ದೀರಿ, ಹಿಂದಕ್ಕೆ ಬನ್ನಿ. ಶಿಕ್ಷೆಗೆ ಕ್ರೇಟ್ ಬಳಸಬೇಡಿ. ಒಳಗೆ ಬಿಡುವಾಗ ಕತ್ತಿನ ಪಟ್ಟಿ ಬಿಚ್ಚಿ, ಕಂಬಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ.

ಇಡುವ ಜಾಗದ ಬಗ್ಗೆ ನನ್ನ ಕಸುಬಿನ ಒಂದು ಮಾತು. ಮೆಟ್ಟಿಲ ಕೆಳಗಿನ ಸಂದಿ ಖಾಲಿ ಇದೆ ಎಂದು ಎಷ್ಟೋ ಮನೆಯಲ್ಲಿ ಕ್ರೇಟನ್ನು ಇನ್ವರ್ಟರ್ ಪಕ್ಕದಲ್ಲಿ ಇಡುತ್ತಾರೆ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ, ಆಸಿಡ್ ವಾಸನೆಯೂ ಇರುತ್ತದೆ, ಮರಿ ವೈರು ಕಚ್ಚುತ್ತದೆ. ಬೇಡ. ಮೊದಲ ವಾರಗಳಲ್ಲಿ ರಾತ್ರಿ ನಿಮ್ಮ ಮಂಚದ ಪಕ್ಕದಲ್ಲೇ ಇಡಿ. ಅರ್ಧದಷ್ಟು ಕೂಗು ಅದರಿಂದಲೇ ನಿಲ್ಲುತ್ತದೆ, ಉಚ್ಚೆಗೆ ಎದ್ದದ್ದೂ ನಿಮಗೆ ಕೇಳುತ್ತದೆ. ಮೇಲೆ ಬಟ್ಟೆ ಹೊದಿಸುವುದಾದರೆ ಗಾಳಿ ಆಡಲು ಎರಡು ಕಡೆ ಬಿಡಿ. ಕರೆಂಟ್ ಹೋಗಿ ಫ್ಯಾನ್ ನಿಂತರೆ ಬಟ್ಟೆ ತೆಗೆಯಿರಿ.

ಎಲ್ಲ ಕಲಿತಿತ್ತು, ಆರು ತಿಂಗಳಿಗೆ ಮತ್ತೆ ಕೆಟ್ಟಿತು

ಹಳೇ ಪುಸ್ತಕ ಹುಡುಕಿ, ಮತ್ತೆ ಮೂರು ದಿನ ಬರೆಯಿರಿ. ಗಂಡು ಮರಿ ಕಾಲೆತ್ತಿ ಗೋಡೆಗೆ, ಸೋಫಾ ಕಾಲಿಗೆ ಸ್ವಲ್ಪ ಸ್ವಲ್ಪ ಹಾಕುತ್ತಿದ್ದರೆ ಅದು ಗುರುತು ಹಾಕುವುದು. ಹೆಣ್ಣಾದರೆ ಮೊದಲ ಬೆದೆ ಹತ್ತಿರ ಬಂದಿರಬಹುದು, ಆಗ ಉಚ್ಚೆ ಪದೇ ಪದೇ. ಎರಡಕ್ಕೂ ಸಂತಾನಹರಣ ಚಿಕಿತ್ಸೆಯ ಬಗ್ಗೆ ಡಾಕ್ಟರನ್ನು ಕೇಳಿ. ಮನೆ ಬದಲಾಯಿಸಿದ್ದು, ದೀಪಾವಳಿ ಪಟಾಕಿಗೆ ಹೆದರಿದ್ದು, ಹೊರಗೆ ಬೇರೆ ನಾಯಿ ಅಟ್ಟಿಸಿಕೊಂಡು ಬಂದದ್ದು ಕೂಡ ಕಾರಣವಾಗುತ್ತವೆ. ಇದ್ಯಾವುದೂ ಇಲ್ಲದೆ ಇದ್ದಕ್ಕಿದ್ದಂತೆ ಶುರುವಾದರೆ ಮತ್ತೆ ಸೌಟು ತೆಗೆದುಕೊಳ್ಳಿ.

ಮಳೆ ಬಂದರೆ ಹೊರಗೆ ಕಾಲಿಡುವುದಿಲ್ಲ

ಇದೊಂದು ನಮ್ಮಲ್ಲಿ ಇನ್ನೂ ಪೂರ್ತಿ ಸರಿಹೋಗಿಲ್ಲ. ಹಿತ್ತಲ ಬಾಗಿಲವರೆಗೆ ಬಂದು, ಒದ್ದೆ ಹುಲ್ಲಿಗೆ ಮುಂಗಾಲಿಟ್ಟು, ನನ್ನ ಮುಖ ನೋಡಿ ವಾಪಸ್. ಒಮ್ಮೆ ಹನ್ನೊಂದು ಗಂಟೆ ತಡೆದುಕೊಂಡು, ಕೊನೆಗೆ ಮೆಟ್ಟಿಲ ಮೇಲೆ ಸುರಿಸಿತು. ಈಗ ಮೂರು ಅಡಿ ಜಾಗಕ್ಕೆ ತಗಡು ಹೊದಿಸಿ, ಕೆಳಗೆ ಒಣ ಮಣ್ಣು ಹಾಕಿದ್ದೇವೆ. ಸಣ್ಣ ಮಳೆಗೆ ಕೊಡೆ ಹಿಡಿದು ಹೋದರೆ ಬರುತ್ತದೆ, ಮೊಟ್ಟೆ ಚೂರು ದೊಡ್ಡದಿರಬೇಕು. ತಗಡಿನ ಮೇಲೆ ಮಳೆಯ ಸದ್ದು ಜೋರಾದರೆ ಮಾತ್ರ ಬರುವುದಿಲ್ಲ. ಮುಂದಿನ ವಾರ ತಗಡು ತೆಗೆದು ಟಾರ್ಪಾಲ್ ಕಟ್ಟಿ ನೋಡುತ್ತೇನೆ. ಬೇರೆ ಏನನ್ನೂ ಬದಲಾಯಿಸುವುದಿಲ್ಲ.